ಉತ್ತರದ ಮಾಳದಲ್ಲಿ ಎರಡು ಮುಂಜಾವು

ಬೇಸಿಗೆ ರಜೆ ಹತ್ತಿರ ಬಂತೆಂದರೆ ಮನೆಮನೆಯಲ್ಲೂ ಒಂದೇ ಚರ್ಚೆ, ಈ ಸಲ ಎಲ್ಲಿಗೆ? ಮಹಾಬಳೇಶ್ವರವೋ, ಗೋವೆಯೋ, ಇಲ್ಲವೇ ಅಜ್ಜಿಯ ಊರೋ? ನಾವು ಗೆಳೆಯರಿಬ್ಬರು ಮಾತ್ರ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಸೋಲಾಪುರದ ಉತ್ತರಕ್ಕಿರುವ ನಾನ್ನಜದ ಹುಲ್ಲುಗಾವಲಿಗೆ ಹೋಗುತ್ತೇವೆ ಎಂದಾಗ ಕೇಳಿದವರೆಲ್ಲ ನಕ್ಕರು. “ಏಪ್ರಿಲ್ ತಿಂಗಳದಾಗ ಅಲ್ಲೇನು ನೋಡ್ತೀರಿ? ಬರೇ ಕಲ್ಲು, ಒಣಹುಲ್ಲು, ಬಿಸಲು!” ಎಂದರು ಪಕ್ಕದ ಮನೆಯ ಕಾಕಾ. ಅವರ ಮಾತಿನಲ್ಲಿ ತಪ್ಪೇನಿಲ್ಲ. ಕಲ್ಲು, ಒಣಹುಲ್ಲು, ಬಿಸಿಲು ಮೂರೂ ಧಾರಾಳವಾಗಿದ್ದವು. ಆದರೆ ಅಲ್ಲಿರುವುದು ಅಷ್ಟೇ ಅಲ್ಲ ಎಂಬುದನ್ನು ಓದುಗರಿಗೆ ಹೇಳಲೆಂದೇ ಈ ತಿಂಗಳ ಪುಟವನ್ನು ಅದಕ್ಕೆ ಮೀಸಲಿಟ್ಟಿದ್ದೇವೆ.

ಮೊದಲು ನಮ್ಮ ಊರಿನ ಮಾತು. ಕರಜಗಿ ಎಂದೊಡನೆ ಕರ್ನಾಟಕದ ಓದುಗರಿಗೆ ಹಾವೇರಿ ಹತ್ತಿರದ ಕರಜಗಿ ನೆನಪಾಗುವುದು ಸಹಜ. ನಮ್ಮದು ಅದಲ್ಲ, ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನದು. ಇಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಸಂತೆಯಲ್ಲಿ ಎರಡೂ ಬೆರೆತು ಇನ್ನೊಂದೇ ಆಗುತ್ತದೆ. ದಟ್ಟ ಕಾಡು ಎಂಬುದನ್ನು ನಮ್ಮ ಮಕ್ಕಳು ಕಂಡಿರುವುದು ಟಿ.ವಿ.ಯಲ್ಲಿ ಮಾತ್ರ. ಕಾಡು ನೋಡಬೇಕೆಂದರೆ ಘಟ್ಟಕ್ಕೆ ಹೋಗಬೇಕು, ದಾಂಡೇಲಿಗೆ ಹೋಗಬೇಕು ಎಂದೇ ನಮ್ಮವರ ನಂಬಿಕೆ. ನಮ್ಮ ಸೀಮೆಯ ಕಾಡಿಗೆ ಮರಗಳಿಲ್ಲ, ಹುಲ್ಲೇ ಅದರ ಮರ ಎಂದರೆ ಯಾರೂ ಒಪ್ಪುವುದಿಲ್ಲ.

ಹಾಗಾಗಿ ಒಂದು ಶನಿವಾರ ಸಂಜೆ ಬೈಕಿನಲ್ಲಿ ಹೊರಟು ಅಕ್ಕಲಕೋಟ ದಾಟಿ, ರಾತ್ರಿ ಸೋಲಾಪುರದಲ್ಲಿ ಗೆಳೆಯನ ಸೋದರತ್ತೆಯ ಮನೆಯಲ್ಲಿ ಉಳಿದೆವು. ಅತ್ತೆಯವರು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ಕಟ್ಟಿಕೊಟ್ಟರು. ಕಟ್ಟುತ್ತಲೇ ಒಂದು ಮಾತು ಹೇಳಿದರು. “ನಿಮ್ಮ ಮಾವ ಇದ್ದಾಗ ಬಾರ್ಶಿ ರಸ್ತೆದಾಗ ಮಾಳಢೋಕ ನೋಡೀನಿ ಅಂತಿದ್ರು. ಕುರಿಮರಿಯಷ್ಟು ದೊಡ್ಡ ಹಕ್ಕಿ, ಸೈಕಲ್ ನಿಲ್ಲಿಸಿದ್ರೂ ಓಡಲಿಲ್ಲಂತ. ನಾ ಒಮ್ಮಿನೂ ನೋಡಲಿಲ್ಲ. ಸಿಕ್ರ ಒಂದು ಫೋಟೋ ತೊಗೊಂಡು ಬರ್ರಿ, ಮೊಮ್ಮಕ್ಕಳಿಗೆ ತೋರಸ್ತೀನಿ.”

ಈ ಮಾಳಢೋಕದ ಪರಿಚಯವನ್ನು ಇಲ್ಲಿಯೇ ಮಾಡಿಕೊಡಬೇಕು. ‘ಮಾಳ’ ಎಂದರೆ ಉಳದೆ ಬಿಟ್ಟ ಎತ್ತರದ ಹುಲ್ಲುಬಯಲು. ಅಲ್ಲಿ ಬಾಳುವ ಹಕ್ಕಿಗೆ ಮರಾಠಿಯಲ್ಲಿ ಮಾಳಢೋಕ, ಕನ್ನಡದಲ್ಲಿ ಎರೆಭೂತ, ಪುಸ್ತಕಗಳಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಗಂಡುಹಕ್ಕಿ ನಿಂತರೆ ಒಂದು ಮೀಟರಿನಷ್ಟು ಎತ್ತರ, ತೂಕ 15 ಕಿಲೋದವರೆಗೂ ಹೋಗುತ್ತದೆ. ಜಗತ್ತಿನಲ್ಲಿ ಹಾರಬಲ್ಲ ಅತಿ ಭಾರದ ಹಕ್ಕಿಗಳಲ್ಲಿ ಇದೂ ಒಂದು. ಬಿಳಿ ಕುತ್ತಿಗೆ, ಕಪ್ಪು ಟೋಪಿ, ಕಂದು ಮೈ, ಊರಗೌಡರ ನಡಿಗೆ. ರಾಷ್ಟ್ರಪಕ್ಷಿ ಯಾವುದಾಗಬೇಕೆಂಬ ಚರ್ಚೆ ನಡೆದಾಗ ಪಕ್ಷಿಶಾಸ್ತ್ರಜ್ಞ ಡಾ. ಸಾಲಿಂ ಅಲಿಯವರು ಇದರ ಹೆಸರನ್ನೇ ಸೂಚಿಸಿದ್ದರು. 1963ರಲ್ಲಿ ಆ ಗೌರವ ನವಿಲಿಗೆ ಹೋಯಿತು. ನವಿಲು ಚೆಂದವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂದು ಎರೆಭೂತಕ್ಕೆ ಆ ಪಟ್ಟ ಸಿಕ್ಕಿದ್ದರೆ ಅದರ ಇಂದಿನ ಗತಿ ಬೇರೆಯಾಗುತ್ತಿತ್ತೇನೋ ಎಂದು ನಮಗೆ ಅನಿಸದೆ ಇರಲಿಲ್ಲ.

ನಸುಕಿನಲ್ಲೆದ್ದು ಬಾರ್ಶಿ ರಸ್ತೆ ಹಿಡಿದೆವು. ಸೋಲಾಪುರದಿಂದ ನಾನ್ನಜಕ್ಕೆ ಸುಮಾರು 20 ಕಿಲೋಮೀಟರು. ಮೊದಲೇ ಪರವಾನಗಿ ಕೇಳಿದ್ದರಿಂದ ಅರಣ್ಯ ಇಲಾಖೆಯ ಕಾವಲುಗಾರರೊಬ್ಬರು ನಮ್ಮ ಜೊತೆಗೆ ಬಂದರು. ಬೆಳಗಿನ ಆರೂಕಾಲಿಗೆ ಸೂರ್ಯ ಮೇಲೆ ಬಂದಾಗ ಇಡೀ ಮಾಳ ಜೋಳದ ರಾಶಿ ಹರವಿದಂತೆ ಹೊಂಬಣ್ಣಕ್ಕೆ ತಿರುಗಿತು. ಅಲ್ಲೊಂದು ಬಾರಿಗಿಡ, ಇಲ್ಲೊಂದು ಬೇವು, ಉಳಿದದ್ದೆಲ್ಲ ಮೊಣಕಾಲೆತ್ತರದ ಒಣಹುಲ್ಲು. ನಡೆದಂತೆಲ್ಲ ಕುಸಳದ ಮುಳ್ಳು ಕಾಲುಚೀಲಕ್ಕೆ ಚುಚ್ಚಿಕೊಳ್ಳುತ್ತಿತ್ತು. ಹುಲ್ಲುಗಾವಲಿಗೆ ಹೋಗುವವರು ಚಪ್ಪಲಿ ಹಾಕಿಕೊಂಡು ಹೋಗಬಾರದು ಎಂಬ ತಿಳುವಳಿಕೆಯನ್ನು ಅಲ್ಲಿಯ ಹುಲ್ಲು ಐದೇ ನಿಮಿಷದಲ್ಲಿ ಕೊಡುತ್ತದೆ.

ಫೋಟೋ ತೆಗೆಯುವವರಿಗೆ ಬೇಸಿಗೆಯ ಮಾಳದಲ್ಲಿ ಸಿಗುವ ವೇಳೆ ಬಹಳ ಕಡಿಮೆ. ಆರೂವರೆಯಿಂದ ಎಂಟೂವರೆ, ಹೆಚ್ಚೆಂದರೆ ಒಂಬತ್ತು. ಆಮೇಲೆ ನೆಲದ ಕಾವು ಏರಿ ಬಿಸಿಲ್ಗುದುರೆ ಕುಣಿಯತೊಡಗುತ್ತದೆ. ಎಷ್ಟು ದೊಡ್ಡ ಲೆನ್ಸ್ ಇದ್ದರೂ ಚಿಗರಿಯ ಕಾಲು ನೀರಿನಲ್ಲಿ ಕಂಡಂತೆ ಅಲುಗಾಡುತ್ತದೆ. ನಿಂತು ತೆಗೆದರೆ ಹಕ್ಕಿ ಹುಲ್ಲಿನಲ್ಲಿ ಕರಗಿಹೋಗುತ್ತದೆ, ಹೊಟ್ಟೆಯ ಮೇಲೆ ಮಲಗಿ ಅದರ ಕಣ್ಣಿನ ಎತ್ತರಕ್ಕೆ ಕ್ಯಾಮೆರಾ ಇಳಿಸಿದರೆ ಅದೇ ಹಕ್ಕಿ ಎದ್ದು ಕಾಣುತ್ತದೆ. ನಮ್ಮ ಗೆಳೆಯನಿಗೆ ಈ ಮಲಗುವ ವಿದ್ಯೆ ಚೆನ್ನಾಗಿ ಸಿದ್ಧಿಸಿದೆ. ಎದ್ದಾಗ ಅವನ ಅಂಗಿಯ ಬಣ್ಣ ಹೇಳುವುದು ಕಷ್ಟ.

ಮೊದಲು ಕಂಡದ್ದು ಚಿಗರಿಗಳ ಹಿಂಡು. ಪುಸ್ತಕದ ಹೆಸರು ಕೃಷ್ಣಮೃಗ, ನಮ್ಮ ಕಡೆಯ ಬಾಯಿಗೆ ಚಿಗರಿ. ಹೆಣ್ಣು, ಮರಿಗಳು ಹುಲ್ಲಿನದೇ ಬಣ್ಣ. ನಡುವೆ ಒಂದು ಕರಿಗಂಡು, ಸುರುಳಿ ಸುತ್ತಿದ ಕೊಂಬನ್ನು ಬೆನ್ನಿಗೆ ಚಾಚಿ, ಮೂಗು ಮೇಲೆತ್ತಿ, ತನ್ನ ಗಡಿಯನ್ನು ತಾನೇ ಅಳೆಯುವ ತಲಾಠಿಯಂತೆ ಗತ್ತಿನಿಂದ ನಡೆಯುತ್ತಿತ್ತು. ದೂರದಲ್ಲಿ ನಾಯಿ ಬೊಗಳಿದ್ದೇ ತಡ, ಹಿಂಡಿಗೆ ಹಿಂಡೇ ಚೆಂಡು ಪುಟಿದಂತೆ ಪುಟಿಯಿತು. ಒಂದರ ನಾಲ್ಕೂ ಕಾಲು ನೆಲ ಬಿಟ್ಟು ಗಾಳಿಯಲ್ಲಿದ್ದ ಕ್ಷಣ ಗೆಳೆಯನ ಕ್ಯಾಮೆರಾಕ್ಕೆ ಸಿಕ್ಕಿದೆ.

ನೆಲಗುಬ್ಬಿಗಳು ಬೇರೆಯೇ ಆಟ ಹೂಡಿದ್ದವು. ಗಂಡುಹಕ್ಕಿ ನೇರ ಮೇಲೇರಿ, ಅಲ್ಲಿಂದ ಸಿಳ್ಳೆ ಹಾಕುತ್ತ ಕಲ್ಲು ಬಿದ್ದಂತೆ ಬಿದ್ದು, ನೆಲ ಮುಟ್ಟುವ ಮೊದಲೇ ಮತ್ತೆ ಏರುತ್ತದೆ. ಅದರ ಚಿತ್ರ ತೆಗೆಯಲು ನಾವು ಅರ್ಧ ಗಂಟೆ ಹೆಣಗಿದೆವು, ಸಿಕ್ಕಿದ್ದೆಲ್ಲ ಬರೀ ಆಕಾಶ.

ಎರಡೂ ದಿನ ಕಣ್ಣು ಹುಡುಕಿದ್ದು ಮಾತ್ರ ಮಾಳಢೋಕವನ್ನೇ. ಕಾವಲುಗಾರರು ದುರ್ಬೀನಿನಲ್ಲಿ ದಿಗಂತವನ್ನೆಲ್ಲ ಜಾಲಾಡಿದರು. ಸಿಗಲಿಲ್ಲ. ಸಿಕ್ಕಿದ್ದರೆ ಅದೇ ಆಶ್ಚರ್ಯ. ಇಲ್ಲಿಯ ಎಣಿಕೆ ಬೆರಳಿನ ಮೇಲಿನದಕ್ಕೆ ಇಳಿದು ಅನೇಕ ವರ್ಷಗಳಾದವು. ಇಡೀ ದೇಶದಲ್ಲೇ ಬಯಲಿನಲ್ಲಿ ಸ್ವತಂತ್ರವಾಗಿ ಉಳಿದಿರುವವು ನೂರೈವತ್ತರ ಒಳಗೆ ಎಂಬ ಅಂದಾಜಿದೆ. ಅದರಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿವೆ. ನಮ್ಮ ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಕೆಲವು ಕಂಡದ್ದುಂಟು. ರಾಣೆಬೆನ್ನೂರಿನಲ್ಲಿಯೂ ಒಂದು ಕಾಲಕ್ಕೆ ಇದ್ದವು.

ಏಕೆ ಹೀಗಾಯಿತು? ಬೇಟೆ ಒಂದು ಕಾರಣ. ಆದರೆ 1972ರಲ್ಲಿ ವನ್ಯಜೀವಿ ರಕ್ಷಣೆಯ ಕಾಯಿದೆ ಬಂದ ಮೇಲೂ ಹಕ್ಕಿ ಇಳಿಯುತ್ತಲೇ ಹೋಯಿತು. ಇದು ನೆಲದ ಮೇಲೆ, ಬಯಲಿನಲ್ಲಿ, ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಜೀವಿ. ಆ ಒಂದನ್ನು ನಾಯಿ ತಿಂದರೆ ಆ ವರ್ಷ ಮುಗಿಯಿತು. ಇದಕ್ಕೆ ಬೇಕಾದದ್ದು ಕಾಡಲ್ಲ, ಮರವಿಲ್ಲದ ವಿಶಾಲ ಬಯಲು. ನಮ್ಮ ಸರಕಾರಿ ಲೆಕ್ಕದಲ್ಲಿ ಮರವಿಲ್ಲದ ಬಯಲಿಗೆ ‘ಪಡ’ ಎಂದು, ‘ನಿರುಪಯುಕ್ತ’ ಎಂದು ಹೆಸರು. ನಿರುಪಯುಕ್ತ ಎಂದ ಮೇಲೆ ಅದನ್ನು ಉಪಯುಕ್ತ ಮಾಡದೆ ಬಿಡುವುದುಂಟೇ? ಒಂದು ಕಡೆ ಕಬ್ಬು, ದ್ರಾಕ್ಷಿ ಬಂದವು. ಇನ್ನೊಂದು ಕಡೆ ಒಳ್ಳೆಯ ಮನಸ್ಸಿನಿಂದಲೇ ಸಾಲುಸಾಲಾಗಿ ಗ್ಲಿರಿಸಿಡಿಯಾ ಗಿಡ ನೆಟ್ಟರು. ಗಿಡ ನೆಡುವುದು ಪುಣ್ಯದ ಕೆಲಸ ಎಂದು ನಮಗೆ ಶಾಲೆಯಲ್ಲಿ ಕಲಿಸಿದ್ದಾರೆ. ಎಲ್ಲ ಕಡೆಯೂ ಪುಣ್ಯವಲ್ಲ ಎಂಬುದನ್ನು ಯಾರೂ ಕಲಿಸಲಿಲ್ಲ. ದೂರದವರೆಗೆ ಕಣ್ಣು ಹಾಯಿಸಿ ಅಪಾಯವನ್ನು ಅರಿಯುವ ಹಕ್ಕಿಗೆ ಗಿಡಗಳ ಗೋಡೆ ಎದ್ದರೆ ಅದು ಆ ಜಾಗವನ್ನೇ ಬಿಡುತ್ತದೆ.

ಇನ್ನು ವಿದ್ಯುತ್ ತಂತಿ. ಮಾಳಢೋಕದ ಕಣ್ಣು ತಲೆಯ ಎರಡು ಬದಿಗಿವೆ, ನೇರ ಮುಂದಿನದು ಚೆನ್ನಾಗಿ ಕಾಣದು. ಹತ್ತು ಹದಿನೈದು ಕಿಲೋದ ಮೈಯನ್ನು ತಟ್ಟನೆ ತಿರುಗಿಸಲೂ ಆಗದು. ತಂತಿ ಕಂಡಾಗ ತಡವಾಗಿರುತ್ತದೆ. ಈ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2021ರ ಏಪ್ರಿಲ್‌ನಲ್ಲಿ ರಾಜಸ್ಥಾನ, ಗುಜರಾತಿನ ಹಕ್ಕಿಯ ನೆಲೆಗಳಲ್ಲಿ ಸಾಧ್ಯವಿದ್ದಲ್ಲಿ ತಂತಿಗಳನ್ನು ನೆಲದೊಳಗೆ ಹೂಳಬೇಕೆಂಬ ಆದೇಶವಾಯಿತು. ಸೂರ್ಯನ ಬೆಳಕಿನ ವಿದ್ಯುತ್ತಿಗೆ ಅದರಿಂದ ಅಡ್ಡಿಯಾಗುತ್ತದೆ ಎಂಬ ವಾದ ಎದ್ದು, 2024ರ ಮಾರ್ಚಿನಲ್ಲಿ ಅದೇ ನ್ಯಾಯಾಲಯ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಹೊಗೆಯಿಲ್ಲದ ವಿದ್ಯುತ್ತೂ ಬೇಕು, ಹಕ್ಕಿಯೂ ಬೇಕು. ಎರಡರ ಪರವಾಗಿಯೂ ಪ್ರಾಮಾಣಿಕರಿದ್ದಾರೆ. ನಮ್ಮ ಮನಸ್ಸು ಹಕ್ಕಿಯ ಕಡೆಗೆ ವಾಲುತ್ತದೆ, ಏಕೆಂದರೆ ತಂತಿಗೆ ಬೇರೆ ದಾರಿ ಹುಡುಕಬಹುದು.

ಬಿಸಿಲು ಏರಿದ ಮೇಲೆ ಬೇಲಿಯಾಚೆಯ ಬೇವಿನ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಅಲ್ಲಿ ಕುರಿ ಕಾಯುವ ಅಜ್ಜ ಒಬ್ಬರು ಕಂಬಳಿ ಹಾಸಿ ಕೂತಿದ್ದರು. ಮರಾಠಿಯಲ್ಲಿ ಶುರುವಾದ ಮಾತು, ನಾವು ಕರಜಗಿಯವರೆಂದು ತಿಳಿದದ್ದೇ ಕನ್ನಡಕ್ಕೆ ತಿರುಗಿತು. “ನಮ್ಮ ಬೀಗರು ತಡವಳದವ್ರು, ನಿಮ್ಮ ಬಗಲಾಗಿನ ಊರು” ಎಂದು ನಕ್ಕರು. ರೊಟ್ಟಿ ಹಂಚಿಕೊಂಡೆವು, ಅವರು ತಾಮ್ರದ ತಂಬಿಗೆಯಲ್ಲಿ ಮಜ್ಜಿಗಿ ಕೊಟ್ಟರು.

ಮಾಳಢೋಕದ ಮಾತು ತೆಗೆದಾಗ ಅಜ್ಜನ ಮುಖ ಸ್ವಲ್ಪ ಬದಲಾಯಿತು. “ಹಕ್ಕಿ ಏನು ಮಾಡ್ತು, ಪಾಪ? ಹಕ್ಕಿ ಹೆಸರಿನ ಕಾಗದ ಮಾಡ್ತು ಎಲ್ಲಾ” ಎಂದರು. ಆ ಮಾತಿನ ಹಿಂದೆ ಒಂದು ಕಥೆಯಿದೆ. 1979ರಲ್ಲಿ ಇಲ್ಲಿ ಮಾಳಢೋಕ ಅಭಯಾರಣ್ಯ ಘೋಷಣೆಯಾದಾಗ ಅದರ ವಿಸ್ತಾರ ಸುಮಾರು 8,500 ಚದರ ಕಿಲೋಮೀಟರು! ಸೋಲಾಪುರ ಜಿಲ್ಲೆಯ ಮೋಹೋಳ, ಮಾಢಾ, ಕರಮಾಳಾ, ಅಹ್ಮದನಗರ (2024ರಿಂದ ಅಹಿಲ್ಯಾನಗರ) ಜಿಲ್ಲೆಯ ತಾಲೂಕುಗಳು, ಊರು, ಹೊಲ, ರಸ್ತೆ ಎಲ್ಲವೂ ಅದರೊಳಗೆ. ಅರಣ್ಯ ಇಲಾಖೆಯ ಸ್ವಂತ ಜಮೀನು ಅದರಲ್ಲಿ ಅತ್ಯಲ್ಪ, ಉಳಿದದ್ದು ಜನರ ಹೊಲ. ಭೂಮಿ ಮಾರಲು, ಕಟ್ಟಲು, ಕಾಲುವೆ ತೋಡಲು ಹೋದಾಗಲೆಲ್ಲ ಅಭಯಾರಣ್ಯ ಅಡ್ಡ ಬಂತು. ಮಗಳ ಮದುವೆಗೆ ಎರಡು ಎಕರೆ ಮಾರಬೇಕೆಂದು ಹೊರಟ ರೈತನಿಗೆ, ತಾನು ಎಂದೂ ನೋಡದ ಹಕ್ಕಿಯೊಂದು ತಡೆಯಾದರೆ ಅದರ ಮೇಲೆ ಪ್ರೀತಿ ಹೇಗೆ ಹುಟ್ಟೀತು? ಕೊನೆಗೆ 2012ರಲ್ಲಿ ಅಭಯಾರಣ್ಯವನ್ನು ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಸಿದರು. ಅಷ್ಟು ಹೊತ್ತಿಗೆ ಹಕ್ಕಿಯೇ ಬಹುಪಾಲು ಹೋಗಿತ್ತು.

“ತ್ವಾಳ ಬರ್ತಾವೇನ್ರಿ ಅಜ್ಜಾ?” ಎಂದು ಗೆಳೆಯ ಕೇಳಿದ. “ಬರ್ತಾವಲ್ಲ. ವರ್ಷಕ್ಕ ಎರಡು ಮೂರು ಮರಿ ಒಯ್ತಾವ. ಅದರ ಹೊಟ್ಟಿ ಅದಕ್ಕ ಐತಿ. ಮಾಳ ಇದ್ರ ತ್ವಾಳ, ಮಾಳ ಇದ್ರ ಕುರಿ, ಮಾಳ ಇದ್ರ ನಾವು. ಕಬ್ಬಿನ ಗದ್ದ್ಯಾಗ ಕುರಿ ಮೇಯಾಕ ಬಿಡ್ತಾರೇನು?” ಅಜ್ಜ ಇಷ್ಟು ಹೇಳಿ ಎಲೆಯಡಿಕೆ ಚೀಲ ಬಿಚ್ಚಿದರು. ಮಾಳಢೋಕದ ಪರವಾಗಿ ನಾವು ಓದಿದ ಲೇಖನಗಳಲ್ಲಿ ಈ ಲೆಕ್ಕ ಇರಲಿಲ್ಲ. ಹಕ್ಕಿಯ ನೆಲ ಹೋದ ದಾರಿಯಲ್ಲೇ ಕುರಿಗಾಹಿಯ ನೆಲವೂ ಹೋಗುತ್ತಿದೆ.

ಆಮೇಲೆ ಅಜ್ಜ ಒಂದು ಆಸೆ ಹುಟ್ಟಿಸಿದರು. “ಫೋಟೋ ಬೇಕೇನು? ಅಲ್ಲಿ ದಿಬ್ಬದ ಮ್ಯಾಲ ಪಖುರ್ಡಿ ತತ್ತಿ ಇಟ್ಟಾದ. ತೋರಿಸ್ತೀನಿ ಬರ್ರಿ.” ಪಖುರ್ಡಿ ಎಂದರೆ ಮರಳುಗೌಜಲು, ಪಾರಿವಾಳದ ಗಾತ್ರದ, ಮಣ್ಣಿನ ಬಣ್ಣದ ಹಕ್ಕಿ. ಗೂಡು ಎಂದೇನೂ ಕಟ್ಟುವುದಿಲ್ಲ. ಬರಿನೆಲದ ಸಣ್ಣ ತಗ್ಗಿನಲ್ಲಿ ಎರಡೋ ಮೂರೋ ಮೊಟ್ಟೆ, ಅಷ್ಟೇ. ಗೆಳೆಯ ಕ್ಯಾಮೆರಾ ಎತ್ತಿಕೊಂಡೇ ಬಿಟ್ಟ. ಹೊತ್ತು ಹನ್ನೊಂದೂವರೆ. ನಮ್ಮಿಬ್ಬರಲ್ಲಿ ಅಲ್ಲೇ ಸಣ್ಣ ವಾದವಾಯಿತು. ಒಂದೇ ನಿಮಿಷ, ದೂರದಿಂದ, ಎಂದು ಅವನ ವಾದ. ಹತ್ತಿರ ಹೋದರೆ ಹಕ್ಕಿ ಏಳುತ್ತದೆ, ಏಳುವುದೆಂದರೆ ನಲವತ್ತೆರಡು ಡಿಗ್ರಿಯ ಬಿಸಿಲಿಗೆ ಮೊಟ್ಟೆಯನ್ನು ಒಡ್ಡುವುದು. ತಾಯಿ ಅಲ್ಲಿ ಕೂತಿರುವುದು ಕಾವು ಕೊಡಲು ಮಾತ್ರವಲ್ಲ, ನೆರಳು ಕೊಡಲು ಕೂಡ. ಇದನ್ನು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ, ಅವನಿಗೂ ಗೊತ್ತಿತ್ತು. ಆದರೂ ಒಳ್ಳೆಯ ಚಿತ್ರದ ಆಸೆ ಎಷ್ಟು ಬಲವಾದದ್ದೆಂದರೆ, ಗೊತ್ತಿದ್ದವನೂ ಎರಡು ಹೆಜ್ಜೆ ಇಡುತ್ತಾನೆ. ಅವನು ಎರಡು ಹೆಜ್ಜೆ ಇಟ್ಟು ನಿಂತ. “ನಾಳೆ ನೀರಿನ ಹತ್ರ ನೋಡೋಣ ಬಿಡು” ಎಂದು ಲೆನ್ಸಿಗೆ ಮುಚ್ಚಳ ಹಾಕಿದ. ಅಜ್ಜನಿಗೆ ನಾವು ಬೇಡವೆಂದದ್ದು ವಿಚಿತ್ರವೆನಿಸಿತೋ ಏನೋ, ಸುಮ್ಮನೆ ನಕ್ಕರು.

ಮರುದಿನ ಏಳು ಗಂಟೆಗೆ ಪ್ರಾಣಿಗಳಿಗೆಂದು ತುಂಬಿಸುವ ನೀರಿನ ತೊಟ್ಟಿಯಿಂದ ತಕ್ಕಷ್ಟು ದೂರದಲ್ಲಿ, ಮರೆಯಲ್ಲಿ ಕೂತೆವು. ಒಂದು ಗಂಟೆ ಏನೂ ಇಲ್ಲ, ಬರೀ ನೊಣ. ಎಂಟೂಕಾಲಿನ ಹೊತ್ತಿಗೆ ಆಕಾಶದಲ್ಲಿ ಗಂಟಲಿನಿಂದ ಕರೆದಂತೆ ಸದ್ದು ಕೇಳಿಸಿತು. ನಾಲ್ಕು, ಆರು, ಹನ್ನೆರಡು ಪಖುರ್ಡಿಗಳು ವೇಗವಾಗಿ ಬಂದು ಸ್ವಲ್ಪ ದೂರದಲ್ಲಿಳಿದವು. ತಕ್ಷಣ ನೀರಿಗೆ ಬರಲಿಲ್ಲ. ನೆಲಕ್ಕೆ ಹತ್ತಿಕೊಂಡು ಸುತ್ತ ನೋಡಿದವು. ಆಮೇಲೆ ಸಣ್ಣ ಕಾಲುಗಳಲ್ಲಿ ಗುಡುಗುಡು ಓಡಿ ಬಂದು ಕುಡಿದವು. ಕುಡಿದು ಎಲ್ಲ ಹೋದರೂ ಒಂದು ಗಂಡುಹಕ್ಕಿ ಮಾತ್ರ ಹೋಗಲಿಲ್ಲ. ಹೊಟ್ಟೆ ಮುಳುಗುವಷ್ಟು ನೀರಿಗಿಳಿದು, ಗರಿ ಅಗಲಿಸಿ, ದೋಣಿಯಂತೆ ಅತ್ತಿತ್ತ ತೂಗಾಡಿತು. ಒಂದು ನಿಮಿಷ, ಎರಡು ನಿಮಿಷ. ಗೆಳೆಯ ಉಸಿರು ಬಿಗಿಹಿಡಿದು ಕ್ಲಿಕ್ಕಿಸುತ್ತಲೇ ಇದ್ದ.

ಆ ಹಕ್ಕಿ ಸ್ನಾನ ಮಾಡುತ್ತಿರಲಿಲ್ಲ. ಎಲ್ಲೋ ದೂರದ ಬರಿನೆಲದಲ್ಲಿ ಅದರ ಮರಿಗಳಿದ್ದವು. ಮರಿಗಳಿಗೆ ಹಾರಲು ಬಾರದು, ಹತ್ತಿರ ನೀರಿಲ್ಲ. ಗಂಡು ಮರಳುಗೌಜಲಿನ ಹೊಟ್ಟೆಯ ಗರಿಗಳಲ್ಲಿ ಸುರುಳಿ ಸುತ್ತಿದ ಸೂಕ್ಷ್ಮ ಎಳೆಗಳಿವೆ, ಅವು ಸ್ಪಂಜಿನಂತೆ ನೀರು ಹೀರಿ ಹಿಡಿದುಕೊಳ್ಳುತ್ತವೆ. ಆ ನೀರನ್ನು ಹೊತ್ತುಕೊಂಡು ಕಿಲೋಮೀಟರುಗಟ್ಟಲೆ ಹಾರಿ ಹೋಗಿ ಅಪ್ಪ ನೆಟ್ಟಗೆ ನಿಲ್ಲುತ್ತಾನೆ. ಮರಿಗಳು ಓಡಿ ಬಂದು ಅವನ ಹೊಟ್ಟೆಯ ಗರಿಯನ್ನು ಕೊಕ್ಕಿನಲ್ಲಿ ಹಿಂಡಿ ಕುಡಿಯುತ್ತವೆ. 1896ರಲ್ಲಿ ಇಂಗ್ಲೆಂಡಿನ ಮೀಡ್-ವಾಲ್ಡೋ ಎಂಬವರು ತಾವು ಸಾಕಿದ ಹಕ್ಕಿಗಳಲ್ಲಿ ಇದನ್ನು ಕಂಡು ಬರೆದರೆ ಅನೇಕರು ನಂಬಲಿಲ್ಲ. ಆಫ್ರಿಕದ ಕಲಹಾರಿ ಮರುಭೂಮಿಯಲ್ಲಿ ಕೇಡ್ ಮತ್ತು ಮೆಕ್ಲೀನ್ ಎಂಬ ವಿಜ್ಞಾನಿಗಳು ಕಣ್ಣಾರೆ ಕಂಡು 1967ರಲ್ಲಿ ಪ್ರಕಟಿಸಿದ ಮೇಲೆ ಒಪ್ಪಿದರು. ಅಲ್ಲಿಯವರೆಗೆ ಎಪ್ಪತ್ತು ವರ್ಷ ಆ ಅಪ್ಪಂದಿರು ಯಾರ ನಂಬಿಕೆಗೂ ಕಾಯದೆ ನೀರು ಹೊರುತ್ತಲೇ ಇದ್ದರು.

ನೆನೆದು ಭಾರವಾದ ಹಕ್ಕಿ ಎದ್ದು ಪೂರ್ವಕ್ಕೆ ಹಾರಿತು. ಅದೇ ನಿನ್ನೆಯ ದಿಬ್ಬದ ಹಕ್ಕಿಯಲ್ಲ, ಅದರ ಮೊಟ್ಟೆ ಇನ್ನೂ ಒಡೆದಿರಲಿಲ್ಲವಲ್ಲ. ಆದರೂ ಗೆಳೆಯ ಆ ಕಡೆಯೇ ನೋಡುತ್ತ ಬಹಳ ಹೊತ್ತು ಮಾತಾಡಲಿಲ್ಲ.

ಸೋಲಾಪುರಕ್ಕೆ ಹಿಂತಿರುಗಿದಾಗ ಅತ್ತೆಯವರು ಕನ್ನಡಕ ಹಾಕಿಕೊಂಡು ಕ್ಯಾಮೆರಾದ ಸಣ್ಣ ಪರದೆಯಲ್ಲಿ ಒಂದೊಂದೇ ಚಿತ್ರ ನೋಡಿದರು. ಮಾಳಢೋಕ ಇಲ್ಲ ಎಂದಾಗ “ಹೋಗ್ಲಿ ಬಿಡ್ರಿ” ಎಂದರು, ಆದರೆ ಮುಖ ಬಾಡಿತು. ಜೈಸಲ್ಮೇರಿನಲ್ಲಿ 2019ರಿಂದ ಬಯಲಿನ ಮೊಟ್ಟೆಗಳನ್ನು ತಂದು ಮರಿ ಮಾಡಿಸುತ್ತಿದ್ದಾರೆ, 2024ರ ಅಕ್ಟೋಬರಿನಲ್ಲಿ ಕೃತಕ ಗರ್ಭಧಾರಣೆಯಿಂದಲೂ ಮೊದಲ ಮರಿ ಹುಟ್ಟಿದೆ ಎಂದು ನಾವು ಸಮಾಧಾನ ಹೇಳಿದೆವು. “ಅಲ್ಲಿ ಹುಟ್ಟಿದ್ದು ಇಲ್ಲಿಗೆ ಬರ್ತದೇನು?” ಎಂದು ಕೇಳಿದರು. ಬಂದರೂ ಇಳಿಯಲು ಮಾಳ ಬೇಕಲ್ಲ ಎಂಬ ಮಾತು ನಮ್ಮ ನಾಲಗೆಯ ತುದಿಗೆ ಬಂದು ನಿಂತಿತು.

ಕರಜಗಿಗೆ ಬಂದ ಮೇಲೆ ಚಿತ್ರಗಳನ್ನು ದೊಡ್ಡದಾಗಿ ತೆಗೆಸಿ ಮನೆಯ ಪಡಸಾಲೆಯಲ್ಲಿ ತೂಗುಹಾಕಿದ್ದೇವೆ. ಓಣಿಯ ಮಕ್ಕಳೆಲ್ಲ ಬಂದು ನೋಡಿ ಹೋದರು. ಜಿಗಿಯುವ ಚಿಗರಿಗೆ ಹೆಚ್ಚು ಮೆಚ್ಚುಗೆ ಸಿಕ್ಕಿತು. ಆದರೆ ನಾಲ್ಕನೆಯ ಇಯತ್ತೆಯ ಒಬ್ಬ ಹುಡುಗಿ ನೀರಿನಲ್ಲಿ ಕೂತ ಪಖುರ್ಡಿಯ ಮುಂದೆಯೇ ನಿಂತು, ಅಪ್ಪ ನೀರು ಒಯ್ಯುವ ಕಥೆಯನ್ನು ಎರಡು ಸಲ ಹೇಳಿಸಿಕೊಂಡಳು. ಮೂರು ದಿನ ಬಿಟ್ಟು ಬೆಳಿಗ್ಗೆಯೇ ಓಡಿ ಬಂದಳು. “ಕಾಕಾ, ನಮ್ಮ ಹೊಲದ ಹೊಂಡದಾಗ ಆ ಹಕ್ಕಿ ಬಂದಿತ್ರಿ, ಐದು ಇದ್ವು! ನಾ ದೂರೇ ನಿಂತಿದ್ನಿ.” ಅವಳ ಅಪ್ಪ ಆ ಹೊಂಡದ ಪಕ್ಕದ ಬರಡು ತುಂಡನ್ನು ಈ ಮಳೆಗಾಲಕ್ಕೆ ಟ್ರ್ಯಾಕ್ಟರ್ ಹೊಡೆಸಬೇಕೆಂದಿದ್ದಾರೆ. ಈಗ ಮನೆಯಲ್ಲಿ ಅದರ ಮೇಲೆ ಮಾತು ನಡೆದಿದೆ.